ಇಂಚಿನ ಮಾತು ಆಮೇಲೆ

ಟಿವಿ ಅಂಗಡಿಗೆ ಕಾಲಿಟ್ಟರೆ ಮೊದಲು ಎದುರಾಗುವ ಪ್ರಶ್ನೆ, ‘ಎಷ್ಟು ಇಂಚು ನೋಡ್ತಿದ್ದೀರಾ ಸರ್?’ ಮೈಸೂರಿನ ಕಾಳಿದಾಸ ರಸ್ತೆಯಾದರೂ ಅಷ್ಟೆ, ಮಂಡ್ಯದ ವಿ.ವಿ. ರಸ್ತೆಯಾದರೂ ಅಷ್ಟೆ. ನಮ್ಮ ಉತ್ತರವೂ ಸಿದ್ಧವಾಗಿರುತ್ತದೆ: 55, ಕೈ ಸ್ವಲ್ಪ ಸಡಿಲ ಬಿಟ್ಟರೆ 65, ದಸರಾ ಆಫರ್ ಸಿಕ್ಕರೆ 75. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲಂತೂ ಒಂದು ಸೈಜು ಮೇಲೆ ಹತ್ತುವ ಆಸೆಗೆ ಇನ್ನೊಂದು ನೆಪ ಸಿಕ್ಕಿದೆ. ಆದರೆ ದೊಡ್ಡ ಪರದೆ ಚಿತ್ರವನ್ನು ಹಿಗ್ಗಿಸುವಾಗ ಅದರ ಹುಳುಕನ್ನೂ ಜೊತೆಗೇ ಹಿಗ್ಗಿಸುತ್ತದೆ. ಅದಕ್ಕೇ ಇಂಚಿನ ತೀರ್ಮಾನವನ್ನು ಕೊನೆಗೆ ಇಟ್ಟುಕೊಂಡರೆ ಒಳ್ಳೆಯದು. ಆ ಪರದೆಗೆ ದಿನಾ ಏನು ಬಂದು ಬೀಳುತ್ತದೆ, ಯಾರು ಎಲ್ಲಿ ಕೂತು ನೋಡುತ್ತಾರೆ ಎನ್ನುವುದು ಮೊದಲು ಇತ್ಯರ್ಥವಾಗಬೇಕು.

ಅಂಗಡಿಯಲ್ಲಿ ಓಡುತ್ತಿರುವುದು ಆ ಕಂಪನಿಯವರೇ ಚಿತ್ರಿಸಿ, ತಿದ್ದಿ ತೀಡಿ ಕೊಟ್ಟ 4ಕೆ ಡೆಮೊ: ಗಿಳಿಯ ರೆಕ್ಕೆ, ಜೇನಿನ ಹನಿ, ಕತ್ತಲಲ್ಲಿ ಬಣ್ಣದ ಪುಡಿ. ಪಿಕ್ಚರ್ ಮೋಡ್ ‘ವಿವಿಡ್’, ಬೆಳಕು ತುತ್ತತುದಿಗೆ. ಆ ಸ್ಥಿತಿಯಲ್ಲಿ 40 ಸಾವಿರದ ಟಿವಿಗೂ ಒಂದು ಲಕ್ಷದ ಟಿವಿಗೂ ವ್ಯತ್ಯಾಸ ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ಮನೆಯಲ್ಲಿ ಅದೇ ಪರದೆಯ ಮೇಲೆ ಸಂಜೆ ಅಜ್ಜಿಯ ಧಾರಾವಾಹಿ, ರಾತ್ರಿ ಕ್ರಿಕೆಟ್, ಭಾನುವಾರ ಒಟಿಟಿ ಸಿನಿಮಾ, ಮಿಕ್ಕ ಹೊತ್ತು ಮಗನ ಪ್ಲೇಸ್ಟೇಷನ್. ನಾಲ್ಕೂ ಬೇರೆ ಬೇರೆ ಸಿಗ್ನಲ್, ನಾಲ್ಕಕ್ಕೂ ಬೇಕಾದದ್ದು ಬೇರೆ ಬೇರೆ.

ಸಿಗ್ನಲ್ ಮತ್ತು ದೂರದ ಲೆಕ್ಕ ಒಂದನ್ನು ಬಿಡಿಸಿ ನೋಡೋಣ. ಉಳಿದದ್ದಕ್ಕೆಲ್ಲ ಅದೇ ತಳಹದಿ. ಕುವೆಂಪುನಗರದಲ್ಲೋ ವಿಜಯನಗರದಲ್ಲೋ 30–40 ಸೈಟಿನಲ್ಲಿ ಕಟ್ಟಿದ ಮನೆಯ ಹಾಲ್ ಸಾಮಾನ್ಯವಾಗಿ 11–12 ಅಡಿ ಅಗಲ. ಸೋಫಾ ಗೋಡೆಗೆ ಒತ್ತಿಕೊಂಡಿದ್ದರೂ ಕೂತವರ ತಲೆ ಗೋಡೆಯಿಂದ ಒಂದೂವರೆ–ಎರಡು ಅಡಿ ಮುಂದಿರುತ್ತದೆ, ಎದುರಿನ ಟಿವಿ ನಾಲ್ಕೈದು ಇಂಚು ಈಚೆಗೆ ಬರುತ್ತದೆ. ಕಣ್ಣಿನಿಂದ ಪರದೆಗೆ ಉಳಿಯುವುದು ಸುಮಾರು 9 ಅಡಿ. ಸರಿಯಾದ ದೃಷ್ಟಿ ಇರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬಿಡಿಸಿ ನೋಡಬಲ್ಲದು. 65 ಇಂಚಿನ ಪರದೆಯ ಎತ್ತರ 81 ಸೆಂಟಿಮೀಟರ್. ಅದರ ಮೇಲೆ 576 ಅಡ್ಡಗೆರೆಗಳ ಎಸ್‌ಡಿ ಚಿತ್ರ ಹರಡಿದರೆ ಒಂದೊಂದು ಗೆರೆಗೂ 1.4 ಮಿಲಿಮೀಟರ್. ಗೆರೆ ಕಣ್ಣಿಗೆ ಕಾಣದಂತಾಗಲು ಸುಮಾರು 16 ಅಡಿ ದೂರ ಬೇಕು. 1080 ಗೆರೆಗಳ ಎಚ್‌ಡಿಗೆ ಎಂಟೂವರೆ ಅಡಿ ಸಾಕು, 2160 ಗೆರೆಗಳ 4ಕೆಗೆ ನಾಲ್ಕು ಅಡಿ ಚಿಲ್ಲರೆ.

ಇದರಿಂದ ಎರಡು ಮಾತು ಹೊರಡುತ್ತವೆ, ಎರಡನ್ನೂ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಒಂದು, ಹಳೆಯ 32 ಇಂಚಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಎಸ್‌ಡಿ ಚಾನೆಲ್ 65ರಲ್ಲಿ ಮಸುಕು ಮಸುಕಾಗಿ ಕಾಣುವುದು ಟಿವಿಯ ದೋಷವೇನಲ್ಲ. 32ರಲ್ಲಿ ಆ ಗೆರೆಗಳು ಮಾಯವಾಗಲು ಎಂಟಡಿ ಸಾಕಿತ್ತು, ಅಷ್ಟೆ. ‘ಇಷ್ಟು ದುಡ್ಡು ಕೊಟ್ಟು ಹಳೇದೇ ವಾಸಿ ಅನ್ನಿಸ್ತಿದೆ’ ಎಂಬ ದೂರಿನ ಮೂಲ ಬಹುತೇಕ ಇಲ್ಲೇ ಇದೆ. ಇನ್ನೊಂದು, 9 ಅಡಿಯಿಂದ 65 ಇಂಚು ನೋಡುವವರಿಗೆ ಒಳ್ಳೆಯ ಎಚ್‌ಡಿಗೂ 4ಕೆಗೂ ಗೆರೆಯ ಲೆಕ್ಕದಲ್ಲಿ ದೊಡ್ಡ ಅಂತರ ಕಾಣುವುದಿಲ್ಲ. 4ಕೆಯ ಪೂರ್ತಿ ಲಾಭ ಆಗುವುದು ಬೀನ್ ಬ್ಯಾಗ್ ಎಳೆದುಕೊಂಡು ಐದಡಿಯಲ್ಲಿ ಕೂತು ಆಡುವ ಹುಡುಗರಿಗೆ.

ಹಾಗಾದರೆ ಡಿಟಿಎಚ್ ಇರುವ ಮನೆಯಲ್ಲಿ ಮೊದಲ ಖರ್ಚು ಎಚ್‌ಡಿ ಪ್ಯಾಕ್. ಉದಯ, ಝೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎಲ್ಲಕ್ಕೂ ಎಚ್‌ಡಿ ರೂಪ ಇದೆ. ಬಾಕ್ಸ್ ಎಚ್‌ಡಿ ಆಗಿದ್ದರೂ ಕೆಂಪು–ಬಿಳಿ–ಹಳದಿ ಪಿನ್ನಿನ ಹಳೆಯ ಎವಿ ಕೇಬಲ್ಲಿನಲ್ಲೇ ಸಿಕ್ಕಿಸಿರುವ ಮನೆಗಳು ಲೆಕ್ಕವಿಲ್ಲದಷ್ಟಿವೆ. ಆ ಕೇಬಲ್ ಎಚ್‌ಡಿಯನ್ನು ಹೊರುವುದೇ ಇಲ್ಲ. ಎಚ್‌ಡಿಎಂಐ ಹಾಕಿ, ಬಾಕ್ಸಿನ ಸೆಟ್ಟಿಂಗಿನಲ್ಲಿ ಔಟ್‌ಪುಟ್ 1080 ಇದೆಯೇ ನೋಡಿ. ಡಿಡಿ ಫ್ರೀ ಡಿಶ್ ನೆಚ್ಚಿಕೊಂಡ ಹಳ್ಳಿಯ ಮನೆಗಳಲ್ಲಿ ಬಹುಪಾಲು ಚಾನೆಲ್ ಎಸ್‌ಡಿಯೇ. ಅಲ್ಲಿ ದಿನದ ಮುಕ್ಕಾಲು ಭಾಗ ಅದೇ ಓಡುವುದಾದರೆ 43 ಅಥವಾ 50ಕ್ಕೆ ನಿಲ್ಲಿಸಿ, ಉಳಿದ ಹಣವನ್ನು ಪ್ಯಾನೆಲ್‌ನ, ಅಂದರೆ ಚಿತ್ರ ಮೂಡಿಸುವ ಹಾಳೆಯ ಗುಣಮಟ್ಟಕ್ಕೆ ಹಾಕುವುದೇ ಜಾಣತನ.

ಒಟಿಟಿಯ ಕಡೆ ಇಂಟರ್‌ನೆಟ್ ವೇಗದ ಬಗ್ಗೆ ಅನಗತ್ಯ ಭಯ ಬೇಡ. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು 15 ಎಂಬಿಪಿಎಸ್. ಆದರೆ 4ಕೆ ಸಿಗುವುದು ಅದರ ಪ್ರೀಮಿಯಂ ಪ್ಲಾನಿನಲ್ಲಿ ಮಾತ್ರ. ಕಡಿಮೆ ದರದ ಪ್ಲಾನ್ ಇಟ್ಟುಕೊಂಡು ಟಿವಿಯನ್ನು ಬೈಯುವುದು ನ್ಯಾಯವಲ್ಲ.

ಇನ್ನು ಪ್ಯಾನೆಲ್. ಎಲ್‌ಇಡಿ ಟಿವಿಗಳ ಒಳಗಿರುವುದು ಎಲ್‌ಸಿಡಿ ಹಾಳೆಯೇ; ವಿಎ ಅಥವಾ ಐಪಿಎಸ್. ವಿಎಯಲ್ಲಿ ಕಪ್ಪು ಗಟ್ಟಿ, ಕಾಂಟ್ರಾಸ್ಟ್ (ಬಿಳಿ–ಕಪ್ಪಿನ ಬೆಳಕಿನ ಅನುಪಾತ) 3000ಕ್ಕೆ 1 ಅಥವಾ ಅದಕ್ಕೂ ಹೆಚ್ಚು. ಐಪಿಎಸ್‌ನಲ್ಲಿ ಸಾವಿರದ ಆಸುಪಾಸು, ರಾತ್ರಿ ದೀಪ ಆರಿಸಿದರೆ ಕಪ್ಪು ಬೂದಿಯಾಗುತ್ತದೆ. ಆದರೆ ವಿಎಯನ್ನು ಪಕ್ಕದಿಂದ ನೋಡಿದರೆ ಬಣ್ಣ ಸವಕಲಾಗುತ್ತದೆ. ಎಲ್ಲರೂ ಎದುರಿನ ಸೋಫಾದಲ್ಲೇ ಕೂರುವ ಮನೆಗೆ ವಿಎ. ಹಾಲ್‌ನ ಮೂಲೆಯ ದಿವಾನದ ಮೇಲೆ ಒರಗಿ ನೋಡುವ ಹಿರಿಯರು, ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುವವರು ಇದ್ದರೆ ಐಪಿಎಸ್, ಇಲ್ಲವೇ ಕೈ ಎಟುಕಿದರೆ ಓಎಲ್‌ಇಡಿ (ಅದರ ಮಾತು ಮುಂದಿದೆ). ಬ್ರೋಷರಿನಲ್ಲಿ ಇದನ್ನು ಬರೆದಿರುವುದು ಅಪರೂಪ. ಅಂಗಡಿಯಲ್ಲಿ ಪರದೆಯ ಮೇಲೆ ಮನುಷ್ಯರ ಮುಖ ಇರುವಾಗ ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿಯಿರಿ. ಮೈಬಣ್ಣ ಬಿಳಚಿಕೊಂಡರೆ ವಿಎ ಎಂದು ಬಹುಮಟ್ಟಿಗೆ ಹೇಳಬಹುದು.

ಕ್ಯೂಎಲ್‌ಇಡಿ ಎಂಬ ಹೆಸರಿಗೆ ಮರುಳಾಗಬೇಡಿ. ಅದು ಹಿಂಬದಿಯ ಬೆಳಕಿಗೂ ಎಲ್‌ಸಿಡಿಗೂ ನಡುವೆ ಕ್ವಾಂಟಮ್ ಡಾಟ್ ಪದರವೊಂದನ್ನು ಸೇರಿಸಿರುವುದಷ್ಟೆ. ಬಣ್ಣ ಹೆಚ್ಚು ತುಂಬಿಕೊಳ್ಳುತ್ತದೆ, ಕಪ್ಪು ಮೊದಲಿನಂತೆಯೇ ಇರುತ್ತದೆ. ಕಪ್ಪನ್ನು ಕಪ್ಪಾಗಿಡುವುದು ಲೋಕಲ್ ಡಿಮ್ಮಿಂಗ್, ಅಂದರೆ ಹಿಂಬದಿಯ ದೀಪಗಳನ್ನು ಗುಂಪು ಗುಂಪಾಗಿ ಆರಿಸುವ ವ್ಯವಸ್ಥೆ. ಮಿನಿ ಎಲ್‌ಇಡಿ ಎನ್ನುವುದು ಇದರ ಸುಧಾರಿತ ರೂಪ. ಗುಂಪುಗಳ ಸಂಖ್ಯೆ ನೂರುಗಟ್ಟಲೆ ಇದ್ದರೆ ಮಾತ್ರ ಹೆಸರಿಗೆ ತಕ್ಕ ಫಲ. ಕಮ್ಮಿ ಇದ್ದರೆ ಕತ್ತಲ ದೃಶ್ಯದಲ್ಲಿ ಬಿಳಿ ಸಬ್‌ಟೈಟಲ್ ಸುತ್ತ ಮಂಜು ಹರಡಿಕೊಳ್ಳುತ್ತದೆ. ಬೆಳಕು–ಕತ್ತಲಿನ ಅಂತರವನ್ನು ಹೆಚ್ಚಿಸಿ ತೋರಿಸುವ ಎಚ್‌ಡಿಆರ್‌ನ ಮುದ್ರೆಯೂ ಹೀಗೆಯೇ. 300 ನಿಟ್ಸ್ ಬೆಳಕಿನ ಟಿವಿ ಎಚ್‌ಡಿಆರ್ ಸಿಗ್ನಲ್ ಸ್ವೀಕರಿಸುತ್ತದೆ, ತೋರಿಸಲಾರದು. ಕೆಲವೊಮ್ಮೆ ಚಿತ್ರ ಮೊದಲಿಗಿಂತ ಮಬ್ಬಾಗಿಯೇ ಕಾಣುತ್ತದೆ. 700–800 ನಿಟ್ಸ್ ದಾಟಿದ ಮೇಲೆ ಬಿಸಿಲು ಬಿಸಿಲಿನಂತೆ ಕಾಣಲು ಶುರುವಾಗುತ್ತದೆ.

ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗಿ ತಾನೇ ಆರುತ್ತದೆ. ಕತ್ತಲ ಕೋಣೆಯಲ್ಲಿ ಸಿನಿಮಾಕ್ಕೂ ಗೇಮಿಗೂ ಅದಕ್ಕೆ ಸಾಟಿಯಿಲ್ಲ, ಪಿಕ್ಸೆಲ್ ಬಣ್ಣ ಬದಲಿಸುವ ವೇಗವೂ ಬೇರೆ ಯಾವುದಕ್ಕೂ ಇಲ್ಲ. ಆದರೆ ಎರಡು ಕಡೆ ಎಡವುತ್ತದೆ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇರುವ ಹಾಲ್‌ನಲ್ಲಿ ಮಧ್ಯಾಹ್ನ ಮ್ಯಾಚ್ ನೋಡುವವರಿಗೆ ಬೆಳಕು ಸಾಲದೆ ಹೋಗಬಹುದು. ಪರದೆ ಪೂರ್ತಿ ಬಿಳಿಯಾದಷ್ಟೂ ಅದು ತನ್ನ ಬೆಳಕನ್ನು ತಾನೇ ಇಳಿಸಿಕೊಳ್ಳುತ್ತದೆ. ಮತ್ತೊಂದು, ಬೆಳಗಿನಿಂದ ಸಂಜೆಯವರೆಗೆ ಒಂದೇ ನ್ಯೂಸ್ ಚಾನೆಲ್ ಓಡುವ ಮನೆ. ಕೆಳಗಿನ ಕೆಂಪು ಪಟ್ಟಿ, ಮೂಲೆಯ ಲೋಗೋ ವರ್ಷಗಳ ಮೇಲೆ ಪರದೆಯ ಮೈಮೇಲೆ ಅಚ್ಚಾಗಿ ಉಳಿಯಬಹುದು. ಅಂಥ ಮನೆಗೆ ಮಿನಿ ಎಲ್‌ಇಡಿಯೇ ಸರಿ.

ಗೇಮಿಂಗ್ ವಿಷಯದಲ್ಲಿ ನಡೆಯುವಷ್ಟು ಕಣ್ಕಟ್ಟು ಬೇರೆಲ್ಲೂ ನಡೆಯುವುದಿಲ್ಲ.

‘ಇದು 120 ಹರ್ಟ್ಝ್ ಸರ್, ಗೇಮಿಂಗ್‌ಗೆ ಸೂಪರ್.’

‘ಯಾವ ರೆಸಲ್ಯೂಷನ್‌ನಲ್ಲಿ 120?’

ಈ ಮರುಪ್ರಶ್ನೆ ಕೇಳಲೇಬೇಕು. ಹರ್ಟ್ಝ್ ಎಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ. ‘ಮೋಷನ್ ರೇಟ್ 120’, ‘ಎಂಇಎಂಸಿ’ ಎಂಬ ಹೆಸರಿನಲ್ಲಿ ಮಾರುವುದು ಬಹಳ ಸಲ 60 ಹರ್ಟ್ಝ್ ಪ್ಯಾನೆಲ್‌ಗಳನ್ನೇ. ಮಧ್ಯದ ಫ್ರೇಮ್‌ಗಳನ್ನು ಟಿವಿ ತಾನೇ ಊಹಿಸಿ ತುಂಬುತ್ತದೆ, ಗೇಮಿಗೆ ಅದರಿಂದ ಪ್ರಯೋಜನವಿಲ್ಲ. ಇನ್ನೊಂದು ಜಾತಿ ಡಿಎಲ್‌ಜಿ. ಇದರಲ್ಲಿ ಎರಡೆರಡು ಗೆರೆಗಳನ್ನು ಒಟ್ಟಿಗೆ ಓಡಿಸಿ ವೇಗ ಇಮ್ಮಡಿ ಮಾಡುತ್ತಾರೆ. 120 ಹರ್ಟ್ಝ್ ನಿಜವೇ, ಆದರೆ ಆಗ 2160 ಗೆರೆಗಳ ಬದಲು ಉಳಿಯುವುದು 1080 ಗೆರೆ. ಆಟದ ಅಂಚುಗಳೆಲ್ಲ ಒರಟಾಗುತ್ತವೆ. ‘4ಕೆ 120’ ಎಂದು ಒಟ್ಟಿಗೆ, ಎಚ್‌ಡಿಎಂಐ ಇನ್‌ಪುಟ್‌ನ ಕೆಳಗೇ ಬರೆದಿದ್ದರೆ ನಂಬಬಹುದು.

ಎಚ್‌ಡಿಎಂಐ 2.0ರ ಗರಿಷ್ಠ ಸಾಮರ್ಥ್ಯ 18 ಜಿಬಿಪಿಎಸ್, 4ಕೆ 60ಕ್ಕೆ ಅಲ್ಲಿಗೆ ಮುಗಿಯಿತು. 2.1ರಲ್ಲಿ 48ರವರೆಗೆ. ಪೋರ್ಟಿನ ಮೇಲೆ ‘2.1’ ಎಂದಿದ್ದರಷ್ಟೇ ಸಾಲದು. ಆ ಪಟ್ಟಿಯ ಸೌಲಭ್ಯಗಳಲ್ಲಿ ಯಾವುದೋ ಒಂದು, ಎಎಲ್‌ಎಲ್‌ಎಂ (ತಾನೇ ಗೇಮ್ ಮೋಡಿಗೆ ಹೋಗುವ ಸೌಲಭ್ಯ) ಅಷ್ಟೇ ಇದ್ದರೂ ಆ ಹೆಸರು ಬಳಸುವವರಿದ್ದಾರೆ. ನಾಲ್ಕು ಪೋರ್ಟಿನಲ್ಲಿ ಎರಡೇ 4ಕೆ 120 ಹೊರುವ ಟಿವಿಗಳು ಸಾಮಾನ್ಯ, ಆ ಎರಡರಲ್ಲಿ ಒಂದು ಸೌಂಡ್‌ಬಾರಿಗೆ ಬೇಕಾದ ಇಎಆರ್‌ಸಿ ಪೋರ್ಟೇ ಆಗಿರುವುದೂ ಸಾಮಾನ್ಯ. ಪಿಎಸ್5 (ಪ್ಲೇಸ್ಟೇಷನ್ 5) ಜೊತೆಗೆ ಎಕ್ಸ್‌ಬಾಕ್ಸೋ ಗೇಮಿಂಗ್ ಪಿಸಿಯೋ ಬರುವ ಅಂದಾಜಿದ್ದರೆ ಕೊಳ್ಳುವ ಮೊದಲೇ ಪೋರ್ಟ್ ಎಣಿಸಿಕೊಳ್ಳಿ.

ಇನ್‌ಪುಟ್ ಲ್ಯಾಗ್ ಎಂದರೆ ಕಂಟ್ರೋಲರಿನಲ್ಲಿ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಅದು ಕಾಣುವುದಕ್ಕೂ ನಡುವೆ ಟಿವಿ ಸೇರಿಸುವ ತಡ. 60 ಹರ್ಟ್ಝ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್. ಒಳ್ಳೆಯ ಟಿವಿ ಗೇಮ್ ಮೋಡಿನಲ್ಲಿ ಅದಕ್ಕಿಂತ ಕಡಿಮೆ ತಡ ಮಾಡುತ್ತದೆ. ಅದೇ ಟಿವಿ ಸಿನಿಮಾ ಮೋಡಿನಲ್ಲಿ ಆರೇಳು ಫ್ರೇಮ್ ಹಿಂದೆ ಬೀಳಬಹುದು. ಕ್ರಿಕೆಟ್ ಗೇಮಿನಲ್ಲಿ ಬ್ಯಾಟ್ ಬೀಸಿದ್ದು ಸರಿಯಾಗಿದ್ದರೂ ಬೌಲ್ಡ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಪಿಕ್ಚರ್ ಮೋಡನ್ನು. ಎಎಲ್‌ಎಲ್‌ಎಂ ಇದ್ದರೆ ಕನ್ಸೋಲ್ ಆನ್ ಆದೊಡನೆ ಟಿವಿ ತಾನೇ ಗೇಮ್ ಮೋಡಿಗೆ ಹೋಗುತ್ತದೆ. ವಿಆರ್‌ಆರ್ ಎಂಬುದು ಕನ್ಸೋಲಿನ ಫ್ರೇಮ್ ವೇಗ ಏರಿಳಿದಂತೆ ಪರದೆಯ ವೇಗವನ್ನೂ ಏರಿಳಿಸುತ್ತದೆ. ಪಿಎಸ್5ರಲ್ಲಿ ಅದರ ವ್ಯಾಪ್ತಿ 48ರಿಂದ 120 ಹರ್ಟ್ಝ್.

ಇಷ್ಟೆಲ್ಲ ಇದ್ದೂ ಟಿವಿಯನ್ನು ಡಬ್ಬದಿಂದ ತೆಗೆದ ಹಾಗೇ ಬಿಟ್ಟರೆ 120 ಬರದೇ ಇರಬಹುದು, ಏಕೆಂದರೆ ಎಷ್ಟೋ ಟಿವಿಗಳಲ್ಲಿ ಪೋರ್ಟ್ ಹಳೆಯ ವೇಗದಲ್ಲೇ ಇರುತ್ತದೆ. ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ ಒಳಗಿನ ‘ಎನ್‌ಹ್ಯಾನ್ಸ್ಡ್’ ಆಯ್ಕೆಯನ್ನು ಆ ಪೋರ್ಟಿಗೆ ಆನ್ ಮಾಡಬೇಕು. ಆಮೇಲೆ ಕನ್ಸೋಲಿನ ವಿಡಿಯೊ ಸೆಟ್ಟಿಂಗಿನಲ್ಲಿ 120 ಹರ್ಟ್ಝ್ ಮತ್ತು ವಿಆರ್‌ಆರ್, ಕೊನೆಗೆ ಎಚ್‌ಡಿಆರ್ ಹೊಂದಾಣಿಕೆಯ ಪರದೆಗಳು. ಕಂಪ್ಯೂಟರ್ ಜೋಡಿಸುವವರು ಆ ಇನ್‌ಪುಟ್‌ಗೆ ‘ಪಿಸಿ’ ಎಂದು ಹೆಸರು ಕೊಟ್ಟರೆ ಹಲವು ಟಿವಿಗಳಲ್ಲಿ ಸಣ್ಣ ಅಕ್ಷರಗಳ ಅಂಚಿನ ಬಣ್ಣ ಕಲಸುವುದು ನಿಲ್ಲುತ್ತದೆ. ಡಾಲ್ಬಿ ವಿಷನ್ ಎಂಬ ಎಚ್‌ಡಿಆರ್ ಬಗೆಯ ಕುರಿತು ಒಂದು ಮಾತು: ಎಕ್ಸ್‌ಬಾಕ್ಸ್ ಸೀರೀಸ್ ಅದರಲ್ಲಿ ಗೇಮ್ ಕೊಡುತ್ತದೆ, ಪಿಎಸ್5 ಕೊಡುವುದಿಲ್ಲ, ಸ್ಯಾಮ್‌ಸಂಗ್ ಟಿವಿಗಳಲ್ಲಿ ಅದು ಇಲ್ಲ.

ಮನೆಯಲ್ಲಿರುವುದು ಪಿಎಸ್4 ಆದರೆ ಈ ಮೇಲಿನ ಯಾವುದಕ್ಕೂ ದುಡ್ಡು ಹಾಕಬೇಕಿಲ್ಲ. 60 ಹರ್ಟ್ಝ್ ಟಿವಿ, ಗೇಮ್ ಮೋಡ್, ಅಷ್ಟೇ ಧಾರಾಳ.

ಸಿನಿಮಾ ನೋಡುವವರಿಗೆ 120 ಹರ್ಟ್ಝ್ ಪ್ಯಾನೆಲ್‌ನ ಲಾಭ ಬೇರೆ ರೀತಿಯದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್. 120ನ್ನು 24 ನಿಶ್ಶೇಷವಾಗಿ ಭಾಗಿಸುತ್ತದೆ, ಪ್ರತಿ ಫ್ರೇಮಿಗೂ ಐದೈದು ಪಾಲು. 60ನ್ನು ಭಾಗಿಸುವುದಿಲ್ಲ, ಒಂದಕ್ಕೆ ಮೂರು, ಮುಂದಿನದಕ್ಕೆ ಎರಡು ಎಂದು ಹಂಚಬೇಕಾಗಿ, ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗುವಾಗ ಚಿತ್ರ ತೊದಲುತ್ತದೆ. ಇದನ್ನು ಮುಚ್ಚಲು ಮೋಷನ್ ಸ್ಮೂದಿಂಗ್ ಹೆಚ್ಚಿಸಿದರೆ ಕೋಟಿಗಟ್ಟಲೆ ಖರ್ಚಿನ ಸಿನಿಮಾವೂ ಸ್ಟುಡಿಯೊ ಧಾರಾವಾಹಿಯಂತೆ ಜಾರತೊಡಗುತ್ತದೆ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದಕ್ಕೆ ಬದಲಿಸಿ. ಕ್ರಿಕೆಟ್ಟಿಗೆ ಮಾತ್ರ ಸ್ಮೂದಿಂಗ್ ಸ್ವಲ್ಪ ಇಟ್ಟರೂ ಅಡ್ಡಿಯಿಲ್ಲ.

ಸ್ಮಾರ್ಟ್ ಭಾಗಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಗೂಗಲ್ ಟಿವಿ, ವೆಬ್‌ಓಎಸ್, ಟೈಜನ್ ಯಾವುದಾದರೂ ಆದೀತು. ಮೂರು ನಾಲ್ಕು ವರ್ಷಕ್ಕೆ ಅದು ತೆವಳತೊಡಗಿದರೆ ನಾಲ್ಕೈದು ಸಾವಿರದ ಸ್ಟಿಕ್ ಸಿಕ್ಕಿಸಬಹುದು. ಪ್ಯಾನೆಲ್‌ಗೆ ಅಂಥ ಪರಿಹಾರವಿಲ್ಲ.

ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಪೆನ್‌ಡ್ರೈವ್ ಇರಲಿ. ಅದರಲ್ಲಿ ಪೂರ್ತಿ ಬೂದು ಬಣ್ಣದ ಒಂದು ಚಿತ್ರ, ಪೂರ್ತಿ ಹಸಿರಿನ ಒಂದು, ಕಪ್ಪಿನ ಮೇಲೆ ಬಿಳಿ ಅಕ್ಷರದ ಒಂದು, ನಿಧಾನ ಪ್ಯಾನ್ ಇರುವ 24 ಫ್ರೇಮಿನ ವಿಡಿಯೊ, ಜೊತೆಗೆ ಸಾಧಾರಣ ಗುಣಮಟ್ಟದ ಒಂದು ಕನ್ನಡ ಧಾರಾವಾಹಿ ತುಣುಕು. ಮೋಡ್ ಅನ್ನು ವಿವಿಡ್‌ನಿಂದ ಸಿನಿಮಾಕ್ಕೆ ತರಿಸಿ. ಹಸಿರು ಪರದೆಯಲ್ಲಿ ಅಲ್ಲಲ್ಲಿ ಕೊಳೆ ಬಟ್ಟೆಯಿಂದ ಒರೆಸಿದ ಹಾಗೆ ಮಚ್ಚೆ ಕಂಡರೆ, ಬಾಲ್ ಬೌಂಡರಿಯತ್ತ ಓಡುವಾಗಲೆಲ್ಲ ಆ ಮಚ್ಚೆ ಮೈದಾನದ ಮೇಲೆ ತೇಲುತ್ತದೆ. ದೊಡ್ಡ ಸೈಜಿನ ಅಗ್ಗದ ಪ್ಯಾನೆಲ್‌ಗಳ ಮುಖ್ಯ ರೋಗ ಇದೇ, 75ರಲ್ಲಿ 55ಕ್ಕಿಂತ ಹೆಚ್ಚು. ಒಂದೇ ಬೆಲೆಗೆ ಸಾಧಾರಣ 75 ಮತ್ತು ಒಳ್ಳೆಯ 65 ಎದುರಿಗಿದ್ದರೆ 65ನ್ನೇ ಆರಿಸುವುದು ಉತ್ತಮ. ಈಗ ಇಂಚಿನ ಲೆಕ್ಕ: ದೂರವನ್ನು ಇಂಚಿನಲ್ಲಿ ಬರೆದು 1.6ರಿಂದ ಭಾಗಿಸಿದರೆ ಹಾಯಾಗಿ ನೋಡುವ ಸೈಜು, 1.2ರಿಂದ ಭಾಗಿಸಿದರೆ ಥಿಯೇಟರಿನ ಸೈಜು. 9 ಅಡಿ ಎಂದರೆ 108 ಇಂಚು. ಮೊದಲನೆಯದು 67, ಎರಡನೆಯದು 90. ಮೈಸೂರಿನ ಸಾಮಾನ್ಯ ಹಾಲ್‌ಗೆ 65 ಎನ್ನುವುದು ಹೀಗೆ ಬಂದ ಉತ್ತರ.

ಗೋಡೆಯ ವಿಚಾರವನ್ನು ಟಿವಿ ಬರುವ ಮೊದಲೇ ನೋಡಬೇಕು. 65 ಇಂಚಿನ ಅಗಲ 144 ಸೆಂಟಿಮೀಟರ್, 75ರದ್ದು 166. ಹತ್ತು ವರ್ಷದ ಹಿಂದೆ ಆಚಾರರು ಮಾಡಿಕೊಟ್ಟ ಶೋಕೇಸಿನ ಗೂಡಿಗೆ ಎರಡೂ ಹಿಡಿಯುವುದಿಲ್ಲ. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 40–42 ಇಂಚಿಗೆ ಇರಬೇಕು. ದೇವರ ಪಟದ ಎತ್ತರಕ್ಕೆ ಹಾಕಿಸಿದರೆ ಕತ್ತು ನೋಯುವುದು ಖಾತರಿ, ವಿಎ ಪ್ಯಾನೆಲ್ ಆದರೆ ಕೆಳಗಿನಿಂದ ಬಣ್ಣವೂ ಕೆಡುತ್ತದೆ. 20ರಿಂದ 25 ಕಿಲೊ ತೂಕವನ್ನು ಒಂಬತ್ತಿಂಚಿನ ಇಟ್ಟಿಗೆ ಗೋಡೆ ಆ್ಯಂಕರ್ ಬೋಲ್ಟಿನಲ್ಲಿ ಸಲೀಸಾಗಿ ಹೊರುತ್ತದೆ. ಅಗ್ರಹಾರದ ಹಳೇ ಮನೆಗಳ, ಮಂಡ್ಯ ಸೀಮೆಯ ತೊಟ್ಟಿಮನೆಗಳ ಮಣ್ಣಿನ ಗಾರೆಯ ಗೋಡೆ ಹೊರುವುದಿಲ್ಲ. ಡ್ರಿಲ್ ಹಾಕಿದರೆ ಪುಡಿ ಉದುರಿ ಪ್ಲಾಸ್ಟಿಕ್ ಪ್ಲಗ್ ಸಡಿಲಾಗುತ್ತದೆ. ಅಲ್ಲಿ ಕಾಲಿನ ಸ್ಟ್ಯಾಂಡೇ ಕ್ಷೇಮ. ತೋಳು ಚಾಚುವ ಸ್ವಿವೆಲ್ ಬ್ರಾಕೆಟ್ಟನ್ನಂತೂ ಅಂಥ ಗೋಡೆಗೆ ಹಾಕಿಸಲೇಬಾರದು, ತೋಳು ಮುಂದೆ ಬಂದಷ್ಟೂ ಮೇಲಿನ ಬೋಲ್ಟುಗಳನ್ನು ಅದು ಕೀಳುತ್ತದೆ.

ಹೊಸ ಮನೆ ಕಟ್ಟುವವರು ಗೋಡೆಯೊಳಗೆ ಎರಡಿಂಚಿನ ಪೈಪ್ ಬಿಡಿಸಿ. ವೈರಿಂಗಿಗೆ ಹಾಕುವ ಮುಕ್ಕಾಲು ಇಂಚಿನ ಪೈಪಿನಲ್ಲಿ ಎಚ್‌ಡಿಎಂಐ ಪ್ಲಗ್ ತೂರುವುದೇ ಇಲ್ಲ, ತಿರುವಿನಲ್ಲಿ ಒಂದಿಂಚಿನದ್ದರಲ್ಲೂ ಸಿಕ್ಕಿಕೊಳ್ಳುತ್ತದೆ. 4ಕೆ 120ಕ್ಕೆ ‘ಅಲ್ಟ್ರಾ ಹೈ ಸ್ಪೀಡ್’ ಮುದ್ರೆಯ ಕೇಬಲ್ ಬೇಕು, ತಾಮ್ರದ್ದಾದರೆ ಮೂರು ಮೀಟರ್ ಒಳಗಿದ್ದರೆ ನಿಶ್ಚಿಂತೆ. ಅದಕ್ಕಿಂತ ಉದ್ದವಾದರೆ ಚಿತ್ರ ಕ್ಷಣಕಾಲ ಕಪ್ಪಾಗಿ ಬರುವುದು, ಬಿಳಿ ಚುಕ್ಕಿ ಮಿಣುಕುವುದು ಶುರುವಾಗಬಹುದು. ಆಗ ಆಪ್ಟಿಕಲ್ ಎಚ್‌ಡಿಎಂಐ. ಅದಕ್ಕೆ ದಿಕ್ಕಿದೆ: ‘ಸೋರ್ಸ್’ ತುದಿ ಕನ್ಸೋಲಿಗೆ, ‘ಡಿಸ್‌ಪ್ಲೇ’ ತುದಿ ಟಿವಿಗೆ. ಅದಲುಬದಲಾಗಿ ಗೋಡೆಯೊಳಗೆ ಎಳೆದರೆ ಮತ್ತೆ ಬಿಚ್ಚುವ ಕೆಲಸ.

ಟಿವಿ ಹಿಂದೆ 100–240 ವೋಲ್ಟ್ ಎಂದು ಬರೆದಿದ್ದರೆ ಸ್ಟೆಬಿಲೈಜರ್ ಬೇಡ. ಟಿವಿಯನ್ನು ಕೊಲ್ಲುವುದು ವೋಲ್ಟೇಜ್ ಇಳಿತವಲ್ಲ, ದಿಢೀರ್ ಏರಿಕೆ. ಲೈನಿನ ನ್ಯೂಟ್ರಲ್ ಕಡಿದರೆ 230ರ ಜಾಗದಲ್ಲಿ 400ರವರೆಗೂ ಬರಬಹುದು. ಅದಕ್ಕೆ ಓವರ್‌ವೋಲ್ಟೇಜ್ ಕಟ್ ಆಗುವ ಸಾಧನ, ಸಿಡಿಲಿನ ಸರ್ಜಿಗೆ ಸರ್ಜ್ ಪ್ರೊಟೆಕ್ಟರ್, ಎರಡಕ್ಕೂ ಹಿಂದೆ ಸರಿಯಾದ ಅರ್ಥಿಂಗ್. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೂ ಡಿಶ್ ಕೇಬಲ್ ಹಾಗೇ ಬಿಟ್ಟರೆ ಸಿಡಿಲಿಗೆ ಅದೇ ದಾರಿ: ಡಿಶ್‌ನಿಂದ ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ಮೂಲಕ ಟಿವಿಯ ಬೋರ್ಡಿಗೆ. ಅದನ್ನೂ ತಿರುಗಿಸಿ ಬಿಚ್ಚಿಡಿ. ಕರೆಂಟಿನ ಲೆಕ್ಕಕ್ಕೆ ಬಂದರೆ, 120 ವ್ಯಾಟಿನ ಟಿವಿ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿಯ 200ರ ಗೆರೆಯ ಹತ್ತಿರದಲ್ಲೇ ಇರುವ ಮನೆಯವರು ಇದನ್ನು ಕೂಡಿಸಿ ನೋಡಿಕೊಳ್ಳಲಿ. ಆ ಗೆರೆ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಆಯುಧಪೂಜೆಯ ದಿನ ಟಿವಿಗೂ ಕುಂಕುಮ ಇಡುವ ಮನೆಗಳಿವೆ. ಇಡಿ, ಸ್ಟ್ಯಾಂಡಿನ ಕಾಲಿಗೆ ಇಡಿ. ಪರದೆಯ ಮೇಲಿರುವುದು ತೆಳುವಾದ ಲೇಪ. ವಿಭೂತಿಯ ಪುಡಿ ಉಜ್ಜಿದರೆ ಗೀರು ಬೀಳುತ್ತದೆ, ಗಾಜು ಒರೆಸುವ ನೀಲಿ ದ್ರಾವಣ ಹಾಕಿದರೆ ಲೇಪವೇ ಎದ್ದು ಬರಬಹುದು. ಒಣ ಮೈಕ್ರೊಫೈಬರ್ ಬಟ್ಟೆ ಸಾಕು.

ಸಾಗಿಸುವಾಗ ಡಬ್ಬ ನಿಂತೇ ಬರಬೇಕು. ಗೂಡ್ಸ್ ಆಟೋದಲ್ಲಿ ಮಲಗಿಸಿ ತಂದರೆ ರಸ್ತೆ ಉಬ್ಬಿನ ಏಟು ಪ್ಯಾನೆಲ್‌ನ ನಡುಭಾಗಕ್ಕೇ ಬೀಳುತ್ತದೆ. ಎರಡನೇ ಮಹಡಿಗಾದರೆ ಮೆಟ್ಟಿಲ ತಿರುವಿನ ಅಗಲ ಮೊದಲೇ ಅಳೆದಿಡಿ. ಡಬ್ಬವನ್ನು ಕಂಪನಿಯ ತಂತ್ರಜ್ಞರೇ ಬಂದು ಬಿಚ್ಚಲಿ, ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ಮೊಬೈಲಿನಲ್ಲಿ ವಿಡಿಯೊ ಮಾಡಿ, ಏಕೆಂದರೆ ಒಡೆದ ಪರದೆ ವಾರಂಟಿಯೊಳಗೆ ಬರುವುದಿಲ್ಲ, ಹೊಸ ಪ್ಯಾನೆಲ್ ಹಾಕಿಸುವ ಖರ್ಚು ಟಿವಿಯ ಬೆಲೆಯ ಹತ್ತಿರಕ್ಕೇ ಹೋಗುತ್ತದೆ. ಅವರು ಹೊರಡುವ ಮುಂಚೆ ಅದೇ ಪೆನ್‌ಡ್ರೈವ್ ಹಾಕಿ ಬೂದು, ಹಸಿರು, ಕಪ್ಪು ಪರದೆ ನೋಡಿ ಮುಗಿಸಿ. ಡಬ್ಬ, ಥರ್ಮೋಕೋಲು, ಬಿಲ್ಲು ಮೂರೂ ಬದಲಿ ಕೊಡುವ ಅವಧಿ ಮುಗಿಯುವವರೆಗೆ ಅಟ್ಟದ ಮೇಲಿರಲಿ.